ಮಗ್ಗಗಳ ನಡುವೆ ಮಾತು

"ಅಮ್ಮಾ, ‘ಡಿನ್’ ಅಂದ್ರೆ ಕಿವಿಗಡಚಿಕ್ಕೋ ಗದ್ದಲ, ಬಿಡದೆ ಬಡಿಯೋ ಸದ್ದು. ಇದಕ್ಕೊಂದು ಉದಾಹರಣೆ ಹೇಳು ನೋಡೋಣ," ಎಂದಳು ಮಗಳು, ಪೆನ್ನಿನ ತುದಿ ಕಚ್ಚುತ್ತ.

ಮಕ್ಕಳಿಗಾಗಿ ಇಂಗ್ಲಿಷ್ ನಿಘಂಟು ಬರೆಯುವುದು ಅವಳ ಕಸುಬು. ಆ ಪದದ ಬೇರು ಹಿಡಿದು ಹೋದರೆ ‘ಗರ್ಜಿಸು’ ಎಂಬಂಥ ಹಳೆಯ ಅರ್ಥ ಸಿಗುತ್ತದೆ. ನಮ್ಮ ‘ಧ್ವನಿ’ಯೂ ಅದರ ದಾಯಾದಿಯೇ ಎಂದು ಪಂಡಿತರ ಅಂಬೋಣ. ಒಂದೇ ಮಾತನ್ನು ಹೇಳಿ ಹೇಳಿ ತಲೆಗೆ ತುಂಬುವುದು ಇನ್ನೊಂದು ಅರ್ಥ. ಇಷ್ಟೆಲ್ಲ ಅಮ್ಮನಿಗೆ ಬೇಕಿರಲಿಲ್ಲ, ನಿಜ. ಆದರೆ ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಾಗಿನಿಂದ ಮಗಳು ಹೀಗೇ ಏನಾದರೊಂದು ಮಾತಾಡುತ್ತಿದ್ದಳು. ಸುಮ್ಮನಾದರೆ ಡಾಕ್ಟರು ಹೇಳಿದ್ದು ಎಲ್ಲಿ ಬಾಯಿ ತಪ್ಪಿ ಹೊರಬೀಳುತ್ತದೋ ಎಂಬ ಭಯ. ಗುಣವಾಗುವ ಕಾಯಿಲೆಯಲ್ಲ ಅದು. ಅಮ್ಮನಿಗೆ ತಿಳಿಯಕೂಡದು ಎಂದು ಅಣ್ಣ ತಂಗಿ ಆಣೆ ಮಾಡಿಕೊಂಡಿದ್ದರು.

"ಉದಾಹರಣೆ ಯಾಕೆ, ನಮ್ಮ ಗಿರಣಿಗೆ ಬಂದಿದ್ರೆ ಸಾಕಿತ್ತು," ಅಮ್ಮ ನಕ್ಕಳು. "ಅಷ್ಟೂ ಮಗ್ಗ ಒಟ್ಟಿಗೆ ಬಡಿಯೋವು. ಪಕ್ಕದಲ್ಲೇ ನಿಂತು ಕಿರುಚಿದ್ರೂ ಕೇಳ್ತಿರಲಿಲ್ಲ."

"ಹಾಗಾದ್ರೆ ಇಡೀ ದಿನ ಮೂಗರ ಹಾಗೆ ಇರ್ತಿದ್ರಾ?"

"ನಾವಾ? ಒಳ್ಳೆ ಕಥೆ! ಊರ ಉಸಾಬರಿಯೆಲ್ಲ ಅಲ್ಲೇ ಆಗ್ತಿತ್ತು. ತುಟಿ ನೋಡಿ ಮಾತಾಡ್ತಿದ್ವಿ ಕಣೇ. ಆ ಮೂಲೆಯವಳು ಅತ್ತೆ ಮೇಲೆ ಚಾಡಿ ಹೇಳಿದ್ರೆ ಈ ಮೂಲೇಲಿ ನನಗೆ ಒಂದಕ್ಷರ ಬಿಡದೆ ತಿಳೀತಿತ್ತು. ಮೇಸ್ತ್ರಿಗೆ ಮಾತ್ರ ಏನೂ ಗೊತ್ತಾಗ್ತಿರಲಿಲ್ಲ, ಪಾಪ."

ಮಗಳೂ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಅಮ್ಮನ ಮಂಚದ ಎದುರಿಗೇ ಬಾಲ್ಕನಿಯ ಗಾಜಿನ ಬಾಗಿಲು. ಅಣ್ಣ ಬಂದಾಗಲೆಲ್ಲ ಇಬ್ಬರೂ ಆಚೆ ಹೋಗಿ, ಒಂದು ಪಿಸುಮಾತೂ ಒಳಗೆ ಕೇಳಬಾರದೆಂದು ಅದನ್ನು ಬಿಗಿಯಾಗಿ ಎಳೆದುಕೊಂಡು, ಎಲ್ಲವನ್ನೂ ಅಲ್ಲೇ ನಿಂತು ಮಾತಾಡಿದ್ದರು. ಮಗಳು ಆ ಗಾಜಿನತ್ತ ತಿರುಗಿ ನೋಡಿದಳು.

"ಅಮ್ಮಾ... ಈಗಲೂ ಬರುತ್ತಾ ಅದು?"

"ಕಲಿತ ಈಜು ಮರೆತುಹೋಗುತ್ತಾ?" ಅಮ್ಮ ಹೊದಿಕೆ ಸರಿಮಾಡಿಕೊಂಡಳು. "ನಿಮ್ಮಣ್ಣ ಅತ್ತಿದ್ದೂ ನೋಡಿದೆ. ಇಬ್ಬರೂ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದೀರಿ, ನಾನ್ಯಾಕೆ ಕೆಡಿಸಲಿ ಅಂತ ಸುಮ್ಮನಿದ್ದೆ."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಮಗಳಿಗೆ.

"ಒಂದು ಮಾತು ಮಾತ್ರ ಸಿಗಲಿಲ್ಲ ನೋಡು," ಎಂದಳು ಅಮ್ಮ. "ಇನ್ನೆಷ್ಟು ದಿನ ಅಂದ್ರು ಡಾಕ್ಟರು? ಅದನ್ನ ಹೇಳುವಾಗ ನೀನು ಆ ಕಡೆ ತಿರುಗಿಬಿಟ್ಟೆ."

ಮಗಳು ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಅಮ್ಮ ಅವಳ ತುಟಿಯನ್ನೇ ನೋಡುತ್ತಿದ್ದಳು.