ಎಂಬತ್ತೊಂಬತ್ತರ ಕಾಟ

ನಮ್ಮ ಮನೆಯವರ ಹವಾನಿಯಂತ್ರಣ ಕಂಪನಿಯಲ್ಲಿ ಹವಾ ಮಾವನದು, ನಿಯಂತ್ರಣ ನನ್ನ ಹೆಂಡತಿಯದು. ಅವೆರಡರ ನಡುವೆ ಸ್ಕ್ರೂಡ್ರೈವರು, ಸ್ಪ್ಯಾನರು ತುಂಬಿದ ಚೀಲ ಹೊತ್ತು ಓಡಾಡುವ ಅಳಿಯ ನಾನು.

ಮಾವ ನಲವತ್ತೊಂದು ವರ್ಷ ಕಟ್ಟಡಗಳ ನೆತ್ತಿಯ ಮೇಲೆ ಕಳೆದವರು. ಅಲ್ಲಿ ಬೀರುವಿಗಿಂತ ದೊಡ್ಡದಾದ ಏಸಿ ಯಂತ್ರಗಳಿರುತ್ತವೆ. ಅವುಗಳಿಗೆ ಕಾಯಿಲೆ ಬಂದರೆ ಎದೆಯ ಮೇಲಿನ ಪುಟ್ಟ ಕಿಟಕಿಯಲ್ಲಿ ಕೆಂಪು ದೀಪದ ಎರಡು ಅಂಕಿ ಮೂಡುತ್ತವೆ. ಅದೇ ಕೋಡ್. ಯಾವ ಅಂಕಿ ಬಂದರೆ ಯಾವ ಕಾಯಿಲೆ ಎಂದು ತಿಳಿಸಲು ಇನ್ನೂರು ಪುಟದ ಪುಸ್ತಕವಿದೆ. ಮಾವನಿಗೆ ಅದು ಬಾಯಿಪಾಠ.

"ಕೋಡ್ ಬಂತು ಅಂತ ಗಾಬರಿ ಯಾಕೆ ಸ್ವಾಮಿ? ಮೆಷಿನ್ನಿಗೆ ಕೋಡು ಬಂದಿದೆ, ಅಷ್ಟೇ. ಮುರಿಯೋಣ ಬಿಡಿ," ಎಂದು ಗಿರಾಕಿಗಳಿಗೆ ಧೈರ್ಯ ಹೇಳುತ್ತಿದ್ದರು. ಈ ಮಾತನ್ನು ಅವರ ಗಂಟಲಿನಲ್ಲೇ ಹೇಳಿ ನಾನು ಹೆಂಡತಿಯನ್ನು ನಗಿಸುತ್ತಿದ್ದೆ. ಆದರೆ ಆ ದಿನ ಬೆಳಿಗ್ಗೆ ಅವಳು ನಗಲಿಲ್ಲ. ನನ್ನನ್ನು ವ್ಯಾನಿನ ಹಿಂದಕ್ಕೆ ಎಳೆದುಕೊಂಡು ಹೋದಳು.

"ರೀ, ನಿನ್ನೆ ಅಪ್ಪ ಕಾಫಿ ಬಗ್ಗಿಸಿದ್ದು ಎಲ್ಲಿಗೆ ಗೊತ್ತಾ?"

"ಲೋಟಕ್ಕೆ."

"ಲೋಟದ ಪಕ್ಕಕ್ಕೆ! ಆಮೇಲೆ ಖಾಲಿ ಲೋಟ ಎತ್ತಿ, ಒಂದು ಗುಟುಕು ಕುಡಿದವನ ಹಾಗೆ ಮಾಡಿ, 'ಸಕ್ಕರೆ ಸ್ವಲ್ಪ ಕಮ್ಮಿ' ಅಂದ. ಕಣ್ಣಲ್ಲಿ ಪೊರೆ ಬಂದಿದೆ, ನನಗೆ ಅನುಮಾನವೇ ಇಲ್ಲ. ಕೇಳಿದ್ರೆ ಒಪ್ಪಲ್ಲ. ಇವತ್ತು ನೀವು ಜೊತೆಗೆ ಹೋಗ್ತೀರಲ್ಲ, ನೋಡಿ ನಿಜ ಹೇಳಬೇಕು. ಕಣ್ಣು ಕಾಣ್ತಾ ಇಲ್ಲ ಅಂದ್ರೆ ಏಣಿ ಇವತ್ತೇ ಮನೆ ಸೇರುತ್ತೆ. ಆಪರೇಷನ್ ಆಗೋವರೆಗೂ ಅಪ್ಪ ಏಣಿ ಮುಟ್ಟೋ ಹಾಗಿಲ್ಲ."

ಮಾವನಿಗೆ ವಿಷಯದ ವಾಸನೆ ಬಡಿದಿತ್ತು. ವ್ಯಾನ್ ಹೊರಟ ಮೇಲೆ ಅವರೇ ಬಾಯಿ ಬಿಟ್ಟರು.

"ಅಳಿಯಂದ್ರೇ, ನಿಮ್ಮ ಹೆಂಡ್ತಿ ನನ್ನ ಮೂಲೇಲಿ ಕೂರಿಸಬೇಕು ಅಂತ ಇದ್ದಾಳೆ. ನಲವತ್ತೊಂದು ವರ್ಷ ಮಾಳಿಗೆ ಮೇಲೆ ಇದ್ದೋನು, ಇನ್ಮೇಲೆ ಸೋಫಾ ಮೇಲೆ ಕೂತು ಇಡೀ ದಿನ ಟೀವಿ ಕೇಳಬೇಕಾ?"

"ಟೀವಿ ನೋಡ್ತಾರೆ ಮಾವ."

"ಏನೋ ಒಂದು," ಎಂದು ಕಿಟಕಿಯ ಕಡೆ ತಿರುಗಿಬಿಟ್ಟರು.

ಅಂದಿನ ರೋಗಿ ಒಂದು ಹಲ್ಲಿನ ಆಸ್ಪತ್ರೆಯ ಯಂತ್ರ. ಆಸ್ಪತ್ರೆ ಇದ್ದದ್ದು ಕಟ್ಟಡದ ಮೇಲಂತಸ್ತಿನಲ್ಲಿ. ಅದರ ಮೇಲೆ ತಾರಸಿ, ತಾರಸಿಯ ಮೂಲೆಯಲ್ಲಿ ಮೆಟ್ಟಿಲಿನ ಕೋಣೆ, ಆ ಕೋಣೆಯ ತಲೆಯ ಮೇಲೆ ಯಂತ್ರ. ತಾರಸಿಯಿಂದ ಅಲ್ಲಿಗೆ ನಮ್ಮ ಏಣಿಯೊಂದೇ ದಾರಿ. ಹಲ್ಲಿನ ಡಾಕ್ಟರಮ್ಮ ನಮ್ಮನ್ನು ಕಂಡದ್ದೇ, "ಬೆಳಿಗ್ಗೆಯಿಂದ ನಿಂತು ನಿಂತು ಓಡ್ತಾ ಇದೆ. ಒಳಗೆ ಪೇಶೆಂಟ್ ಇದ್ದಾರೆ, ಬೇಗ ನೋಡಿ," ಎಂದು ಬಾಯಿಗೆ ಮಾಸ್ಕ್ ಏರಿಸಿಕೊಂಡು ಒಳಹೊಕ್ಕರು.

ಮಾವ ಸರಸರನೆ ಏಣಿ ಹತ್ತಿದರು. ನಾನೂ ಹತ್ತಿದೆ, ಕಣ್ಣು ಮುಚ್ಚಿಕೊಂಡು. ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ: ಎತ್ತರ ಎಂದರೆ ನನಗೆ ಭಯ. ಕುರ್ಚಿಯ ಮೇಲೆ ನಿಂತು ಬಲ್ಬು ಹಾಕುವಾಗಲೂ ನೆಲ ಎಲ್ಲಿಗೋ ಹೊರಟುಹೋದಂತೆ ಅನಿಸುತ್ತದೆ. ಮದುವೆಯಾಗಿ ಮೂರು ವರ್ಷವಾದರೂ ಇದನ್ನು ಹೆಂಡತಿಗೆ ಹೇಳಿರಲಿಲ್ಲ.

ಯಂತ್ರವನ್ನು ಅಲ್ಲಿ ಕೂರಿಸಿದ ಮಹಾನುಭಾವ ಅದರ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿದ್ದ. ಯಂತ್ರಕ್ಕೂ ಮೊಣಕಾಲುದ್ದದ ಗೋಡೆಗೂ ನಡುವೆ ಎರಡಡಿ ಜಾಗ. ಆಚೆಗೆ ಬರೀ ಗಾಳಿ, ಅದರ ಕೆಳಗೆ ಬಸ್ಸುಗಳು. ಮಾವ ಅಡುಗೆಮನೆಗೆ ಹೋದಷ್ಟೇ ಸಲೀಸಾಗಿ ಆ ಸಂದಿಗೆ ನುಗ್ಗಿ ಅಂಕಿಯ ಕಿಟಕಿಗೆ ಎದುರಾಗಿ ನಿಂತರು. ಮೂಗಿಗೂ ಅಂಕಿಗೂ ಗೇಣಂತರ.

"ಓದಿ ಅಳಿಯಂದ್ರೇ."

"ನೀವೇ ಎದುರಿಗಿದ್ದೀರಲ್ಲ ಮಾವ."

"ನನಗೇನು, ನೋಡಿದ ತಕ್ಷಣ ಗೊತ್ತಾಗುತ್ತೆ. ನೀವು ಕಲೀಬೇಕಲ್ಲ? ನಾನು ಯಾವಾಗಲೂ ಹಾಗೇ, ಬೇರೆಯವರ ಕೈಲೇ ಓದಿಸೋದು."

ಅದು ನಿಜ. ಈಚೆಗೆ ಒಂದು ವರ್ಷದಿಂದ ಅವರು ವಾಚ್‌ಮನ್, ಮ್ಯಾನೇಜರು, ಕಸ ಗುಡಿಸುವವರು ಎಲ್ಲರ ಕೈಯಲ್ಲೂ ಕೋಡ್ ಓದಿಸುತ್ತಿದ್ದರು. ಎಂಥ ವಿದ್ಯಾದಾನ ಎಂದು ನಾನು ಮೆಚ್ಚಿದ್ದೆ. ಆದರೆ ಆ ಎರಡಡಿ ಸಂದಿಗೆ ಕಾಲಿಡುವುದು ನನ್ನಿಂದ ಸಾಧ್ಯವಿರಲಿಲ್ಲ. ಹಾಗಾಗಿ ಹಿಂದಿನಿಂದ ಯಂತ್ರದ ನೆತ್ತಿಗೇರಿ, ಹಲ್ಲಿಯ ಹಾಗೆ ಬೋರಲು ಮಲಗಿ, ತಲೆಯನ್ನಷ್ಟೇ ಮುಂದಕ್ಕೆ ಇಳಿಬಿಟ್ಟೆ. ಇದರಲ್ಲಿ ಒಂದು ಲಾಭವಿತ್ತು. ಹೀಗೆ ಮಾಡಿದರೆ ಮುಖ ಯಂತ್ರದ ಕಡೆಗಿರುತ್ತದೆ, ರಸ್ತೆ ತಲೆಯ ಹಿಂದೆ ಹೋಗುತ್ತದೆ. ಕಾಣದ ಬಸ್ಸಿನ ಭಯ ಕಡಿಮೆ.

"ಎಂಬತ್ತೊಂಬತ್ತು ಮಾವ!"

"ಎಂಬತ್ತೊಂಬತ್ತಾ!" ಮಾವನ ಮುಖ ಅರಳಿತು. "ಒಳಗಿನ ಬೋರ್ಡು, ಹೊರಗಿನ ಬೋರ್ಡು ಮಾತು ಬಿಟ್ಟಿವೆ. ಬೀಗರ ಹಾಗೆ. ಎಲ್ಲೋ ವೈರು ಸಡಿಲ ಆಗಿರುತ್ತೆ. ರೀಸೆಟ್ ಒತ್ತಿ, ನೋಡೋಣ."

ಒತ್ತಿದೆ. ಯಂತ್ರ ಗುರ್ರೆಂದು ಎದ್ದಿತು, ಐದು ನಿಮಿಷ ಓಡಿತು, ಮತ್ತೆ ಮಲಗಿತು. ಅದೇ ಎಂಬತ್ತೊಂಬತ್ತು. ಮಾವ ಬಾಗಿಲು ಕಳಚಿ ಬೋರ್ಡಿನ ಒಂದೊಂದು ಸ್ಕ್ರೂವನ್ನೂ ಬೆರಳಿಂದ ತಡವಿ ಬಿಗಿ ಮಾಡಿದರು. ರೀಸೆಟ್. ಐದು ನಿಮಿಷ. ಎಂಬತ್ತೊಂಬತ್ತು. ವೈರು ಬದಲಿಸಿದರು. ರೀಸೆಟ್. ಐದು ನಿಮಿಷ. ಎಂಬತ್ತೊಂಬತ್ತು.

"ಮಾತು ಬಿಟ್ಟವು ಐದೈದು ನಿಮಿಷ ಹೇಗೆ ಮಾವ ಒಟ್ಟಿಗೆ ಸಂಸಾರ ಮಾಡ್ತವೆ?"

"ಜಗಳ ಆಡಿದ ಗಂಡ ಹೆಂಡ್ತಿ ಊಟದ ಹೊತ್ತಿಗೆ 'ಉಪ್ಪು ಈ ಕಡೆ ತಳ್ಳು' ಅನ್ನಲ್ವಾ? ಹಾಗೆ. ಒತ್ತಿ ರೀಸೆಟ್."

ಹನ್ನೊಂದನೆಯ ಸಲ ಒತ್ತಿದಾಗ ಮಾವ ಕತ್ತು ಓರೆ ಮಾಡಿದರು. "ಏನೋ ಗೊಳಗೊಳ ಅಂತಿದೆ. ಎಂಜಲು ನುಂಗಿದ ಹಾಗೆ. ಕೇಳಿಸ್ತಾ?"

ನನಗೆ ಕೇಳಿಸಿದ್ದು ಬೇರೆ. ಕೆಳಗಿನಿಂದ, ಅರ್ಧ ಬಾಯಿಗೆ ಮರಗಟ್ಟುವ ಸೂಜಿ ಹಾಕಿಸಿಕೊಂಡ ಗಂಡಸೊಬ್ಬನ ಕೂಗು.

"ಆಆಯಾಆ! ಈಈಉ! ಆಯಿಗೆ ಈಈಉ!"

ಎಲ್ಲರ ಗಂಟಲನ್ನೂ ಮಿಮಿಕ್ರಿ ಮಾಡುವ ನನಗೆ ಇಂಥ ಭಾಷೆಗೆ ನಿಘಂಟು ಬೇಡ. "ಅಯ್ಯಯ್ಯೋ, ನೀರು, ಬಾಯಿಗೆ ನೀರು," ಎಂದು ಮಾವನಿಗೆ ಅನುವಾದಿಸಿದೆ. ಅಷ್ಟರಲ್ಲಿ ಡಾಕ್ಟರಮ್ಮ ಕೈಗವಸಿನ ಕೈಯಲ್ಲಿ ಇಕ್ಕಳ ಹಿಡಿದೇ ತಾರಸಿಗೆ ಬಂದು ತಲೆಯೆತ್ತಿದರು.

"ಏನ್ರೀ ಮಾಡ್ತಿದ್ದೀರಿ ಅಲ್ಲಿ? ಹೆಡ್‌ಮಾಸ್ಟರ್ ಒಬ್ಬರು ಬಾಯಿ ತೆರೆದು ಮಲಗಿದ್ದಾರೆ, ಸೀಲಿಂಗಿಂದ ನೇರ ಅವರ ಬಾಯಿಗೆ ನೀರು! ಬಾಯಿ ಮುಕ್ಕಳಿಸೋಕೆ ಲೋಟದಲ್ಲಿ ನಾನೇ ಕೊಡ್ತೀನಿ, ನೀವು ಮೇಲಿಂದ ಬಿಡೋದು ಬೇಡ. ಪಾಪ, ನಿಮ್ಮನ್ನ ತಂಪು ಹೊತ್ತಲ್ಲಿ ನೆನೀತಾ ಇದ್ದಾರೆ. ಪೂರ್ತಿ ನೆನೆದಿದ್ದಾರೆ! ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೀನಿ. ಮೇಡಮ್ಮು ಹೊರಟಿದ್ದಾರೆ."

ಮೇಡಮ್ಮು ಎಂದರೆ ನನ್ನ ಹೆಂಡತಿ. ಮಾವ, ನಾನು ಇಬ್ಬರೂ ಒಮ್ಮೆಲೇ ಬೆವರಿದೆವು.

"ಅಳಿಯಂದ್ರೇ," ಮಾವ ನಿಧಾನವಾಗಿ ಕೇಳಿದರು, "ಅಂಕಿ ಹತ್ತಿರ ಒಂದು ಕೆಂಪು ಚುಕ್ಕಿ ಇರಬೇಕು. ಇದೆಯಾ?"

ತಲೆ ಇಳಿಬಿಟ್ಟು ನೋಡಿದೆ. "ಇದೆ ಮಾವ. ಎಡಗಡೆ, ಮೇಲೆ."

"ಮೇಲೆ? ಚುಕ್ಕಿ ಇರೋದು ಬಲಗಡೆ, ಕೆಳಗೆ! ನೀವು ಈಗ ಹೇಗಿದ್ದೀರಿ?"

"ಯಂತ್ರದ ಮೇಲೆ ಮಲಗಿದ್ದೀನಿ. ತಲೆ ಕೆಳಗಿದೆ."

68 ಎಂದು ಬರೆದು ಹಾಳೆಯನ್ನು ತಲೆಕೆಳಗು ಮಾಡಿ ನೋಡಿದರೆ 89 ಎಂದೇ ಕಾಣುತ್ತದೆ. ಪುಸ್ತಕದ ಪ್ರಕಾರ ಅರವತ್ತೆಂಟು ಎಂದರೆ, ತಂಪಾದ ಗಾಳಿಯಿಂದ ಇಳಿವ ನೀರನ್ನು ಹಿಡಿಯುವ ತಟ್ಟೆ ತುಂಬಿದೆ, ನೀರು ಹೋಗುವ ಪೈಪು ಕಟ್ಟಿದೆ. ಇನ್ನು ಓಡಿಸಬೇಡಿ ಎಂದು ಯಂತ್ರ ಬೆಳಿಗ್ಗೆಯಿಂದ ಅಂಗಲಾಚುತ್ತಿತ್ತು. ನಾವು ಹನ್ನೊಂದು ಸಲ ಅದರ ಬಾಯಿ ಮುಚ್ಚಿಸಿ, ಐದೈದು ನಿಮಿಷ ಓಡಿಸಿ, ತುಂಬಿದ ತಟ್ಟೆಗೆ ಇನ್ನಷ್ಟು ನೀರು ತುಂಬಿದ್ದೆವು. ಉಕ್ಕಿದ ನೀರು ತಂಪು ಗಾಳಿ ಇಳಿಯುವ ಕೊಳವೆಯಲ್ಲೇ ಆಸ್ಪತ್ರೆಯ ಸೀಲಿಂಗಿಗೆ ಇಳಿದಿತ್ತು.

"ಮಾವ, ನಾನೇನೋ ತಲೆಕೆಳಗಾಗಿ ನೋಡಿದೆ. ನೀವು ನೆಟ್ಟಗೆ ಎದುರಿಗೇ ನಿಂತಿದ್ರಲ್ಲ?"

ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಕೆಂಪಗೆ ಏನೋ ಇದೆ ಅಂತ ಕಾಣ್ತು."

"ಅಷ್ಟೇನಾ?"

"ವರ್ಷದಿಂದ ಅಷ್ಟೇ. ಮಗಳಿಗೆ ಹೇಳಬೇಡಿ. ನೀವು ಏಣಿ ಮೇಲೆ ಕಣ್ಣು ಮುಚ್ಕೊಳೋದನ್ನ ನಾನು ಯಾವತ್ತಾದ್ರೂ ಹೇಳಿದ್ದೀನಾ?"

"ಕಣ್ಣೇ ಕಾಣದೆ ಅದು ಹೇಗೆ ಗೊತ್ತಾಯ್ತು ನಿಮಗೆ?"

"ಕಣ್ಣು ತೆರೆದಿರೋರು ಹಾಗೆ ಒಂದೊಂದು ಮೆಟ್ಟಿಲಿಗೂ ದೇವರನ್ನ ಕರೆಯಲ್ಲ."

ಮುಂದಿನ ಹತ್ತು ನಿಮಿಷ ಮಾವನಿಗೆ ಕಣ್ಣಿನ ಹಂಗೇ ಇರಲಿಲ್ಲ. ಯಂತ್ರದ ಕೆಳಗೆ ಕೈ ತೂರಿಸಿ, ಡೊಂಕು ಪೈಪನ್ನು ತಡವಿ ಹಿಡಿದು, ತುದಿಯನ್ನು ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿದರು. ಒಳಗಿಂದ ಭೊಸಕ್ಕನೆ ಹಸಿರು ಲೋಳೆಯ ಮುದ್ದೆಯೊಂದು ಹಾರಿ, ಅದರ ಬೆನ್ನಿಗೆ ನೀರು ಧೋ ಎಂದು ಹರಿಯಿತು. ಎಡವಟ್ಟು ಮಾಡಿದ್ದು ಇಬ್ಬರೂ, ಸರಿ ಮಾಡಿದ್ದು ಅವರೊಬ್ಬರೇ.

ಆಗ ಕೆಳಗೆ ತಾರಸಿಯಿಂದ ಹೆಂಡತಿಯ ದನಿ ಬಂತು. "ಏನು ಕೋಡ್ ಬಂದಿತ್ತು?"

"ಅರವತ್ತೆಂಟು," ಎಂದರು ಮಾವ.

"ಅದಕ್ಕೆ ಪೈಪು ಊದಿದ್ರೆ ಮುಗೀತಲ್ಲ. ಎರಡು ಗಂಟೆ ಮೇಲೆ ಏನು ಮಾಡ್ತಿದ್ರಿ? ಓದಿದ್ದು ಯಾರು?"

ಮಾವ ನನ್ನ ಕಡೆ ನೋಡಿದರು, ಅಂದರೆ ನಾನಿದ್ದೇನೆ ಎಂದು ಅಂದಾಜಿಸಿದ ಕಡೆ. ಅಲ್ಲಿದ್ದದ್ದು ಯಂತ್ರದ ಫ್ಯಾನು. ಫ್ಯಾನಿನ ಮುಂದೆ ಅಷ್ಟು ದೈನ್ಯವಾಗಿ ನಿಂತ ಮನುಷ್ಯನನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಾನು ಕಣೇ. ತಲೆಕೆಳಗಾಗಿ ಓದಿದೆ. ನನಗೆ ಎತ್ತರ ಅಂದ್ರೆ ಭಯ. ಈ ಮೂರು ವರ್ಷ ಮಾಳಿಗೆ ಮೇಲೆ ಕಣ್ಣು ಮುಚ್ಕೊಂಡೇ ಕೆಲಸ ಮಾಡಿದ್ದೀನಿ. ಮಾವನದು ಏನೂ ತಪ್ಪಿಲ್ಲ."

ಅವಳು ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಯೋಚಿಸಿದಳು.

"ಹಾಗಾದ್ರೆ ಸರಿ. ನಾಳೆಯಿಂದ ನೀವು ಆಫೀಸಲ್ಲಿ ಕೂತು ಫೋನ್ ಎತ್ತಿ. ಅಪ್ಪ, ನಿನ್ನ ಮೇಲೆ ಸುಮ್ನೆ ಅನುಮಾನ ಪಟ್ಟೆ. ಇನ್ಮೇಲೆ ಎಲ್ಲಾ ಕೆಲಸಕ್ಕೂ ನೀನೊಬ್ಬನೇ ಹೋಗು."

ಮಾವನ ಎದೆ ಉಬ್ಬಿತು. ಗೆದ್ದರು. ಮಾಳಿಗೆ, ಏಣಿ, ಯಂತ್ರ ಎಲ್ಲ ಅವರದ್ದೇ. ಮರುಕ್ಷಣವೇ ಉಬ್ಬಿದ ಎದೆ ಗಾಳಿ ಹೋದ ಟ್ಯೂಬಿನಂತೆ ಇಳಿಯಿತು.

"ಒಬ್ಬನೇನಾ? ಪುಟ್ಟೀ, ಆಮೇಲೆ ಕೋಡು... ಅದನ್ನ ಓದೋಕೆ... ಒಂದು ಜನ..."

"ನಿನಗೆ ಜನ ಯಾಕಪ್ಪ? ನಿನಗೆ ಕಾಣುತ್ತಲ್ಲ."

ಮಾವ ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. ಕೆಳಗೆ ಬಸ್ಸೊಂದು ಹಾರ್ನ್ ಹೊಡೆಯಿತು.

"ಕಾಣಲ್ಲ," ಎಂದರು, ಬಹಳ ಮೆಲ್ಲಗೆ.

"ಕೇಳಿಸ್ಲಿಲ್ಲ."

"ಕಾಣಲ್ಲ ಕಣೇ! ಹುಲಿಯಂಥ ಮಗಳನ್ನ ಹೆತ್ತೆ ನಾನು! ಕೆಂಪಗೆ ಏನೋ ಇದೆ ಅಂತ ಮಾತ್ರ ಕಾಣುತ್ತೆ!"

ಹೆಂಡತಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯಿಂದ ಬಿಡಿಸಿ, ತಾರಸಿಯ ನೆಲದ ಮೇಲೆ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಕುಳಿತಳು.

"ಏಯ್, ನಾವು ಇಳಿಯೋದು ಹೇಗೆ?" ನಾನು ಕೂಗಿದೆ.

"ಆಪರೇಷನ್ ತಾರೀಖು ಹೇಳಿದ ಮೇಲೆ."

"ಆಪರೇಷನ್ ಅವರಿಗೆ ಕಣೇ, ನನಗಲ್ಲ!"

"ಅವರ ಜೊತೆ ಸೇರಿ ಸುಳ್ಳು ಹೇಳುವಾಗ ಗೊತ್ತಿರಲಿಲ್ವಾ?"

ನಾನು ಬೋರಲು ಮಲಗಿ ಎರಡೂ ಕೈಯಿಂದ ಸಿಮೆಂಟು ತಬ್ಬಿಕೊಂಡೆ. ಡಾಕ್ಟರಮ್ಮನ ಹಿಂದೆ, ಕತ್ತಿಗೆ ಟವಲು ಕಟ್ಟಿದ ಹೆಡ್‌ಮಾಸ್ಟರರೂ ನೋಡಲು ಬಂದಿದ್ದರು. ಅವರು ಬೆರಳೆತ್ತಿ, "ಓಓಕೊಳ್ಳೀ ಯಜಮಾಆರೇ!" ಎಂದು ಅಪ್ಪಣೆ ಮಾಡಿದರು.

"ಏನಂತಾರೆ?"

"ಒಪ್ಕೊಳ್ಳಿ ಅಂತಾರೆ ಮಾವ. ದಮ್ಮಯ್ಯ, ಒಪ್ಕೊಳ್ಳಿ."

"ಕಣ್ಣಿಗೆ ಚಾಕು ಹಾಕ್ತಾರಂತೆ ಅಳಿಯಂದ್ರೇ." ಆ ದನಿಯನ್ನು ನಾನು ಎಂದೂ ಅನುಕರಿಸಿಲ್ಲ. ನಲವತ್ತೊಂದು ವರ್ಷ ಗಾಳಿಯ ಅಂಚಿನಲ್ಲಿ ನಿಂತ ಮನುಷ್ಯನ ದನಿ ಅದಾಗಿರಲಿಲ್ಲ.

"ನಾನು ಜೊತೆಗೆ ಬರ್ತೀನಿ ಮಾವ."

"ಕಣ್ಣು ತೆರೆದುಕೊಂಡು?"

"ತೆರೆದುಕೊಂಡು."

ಮಾವ ಅಂಚಿಗೆ ಹೋಗಿ ಕೆಳಗೆ ಕೂಗಿದರು. "ಸೋಮವಾರ!"

"ಎರಡೂ ಕಣ್ಣಾ?"

"ಒಂದು! ಇನ್ನೊಂದು ಆಮೇಲೆ ನೋಡೋಣ!"

"ಆಯ್ತು, ಮೊದಲನೇದರಲ್ಲಿ ನೋಡು," ಎಂದು ಅವಳು ಏಣಿಯನ್ನೆತ್ತಿ ಗೋಡೆಗೆ ಒರಗಿಸಿದಳು. ಕೆಳಗಿನ ಮೆಟ್ಟಿಲಿಗೆ ಒಂದು ಕಾಲು ಒತ್ತಿ, ಅದನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

ಮಾವ ಪಾದದಿಂದ ತಡಕಿ ಮೊದಲ ಮೆಟ್ಟಿಲನ್ನು ಹುಡುಕಿಕೊಂಡು ಇಳಿದುಹೋದರು. ಅವರ ಹಿಂದೆ ನಾನೂ ಪಾದದಿಂದ ತಡಕುತ್ತ ಇಳಿದೆ. ಕಣ್ಣು ತೆರೆಯುವ ಕರಾರು ಇದ್ದದ್ದು ಸೋಮವಾರದಿಂದ.