ಒಕ್ಕಣ್ಣಿನ ಕೊಡೆ

ನನ್ನ ಕೋಣೆಯ ಗೂಟಕ್ಕೆ ಒಂದು ಕಪ್ಪು ಕೊಡೆ ನೇತುಬಿದ್ದಿದೆ. ಅದನ್ನು ನಾನು ಒಂದು ದಿನವೂ ಮಳೆಗೆ ಬಿಚ್ಚಿದವನಲ್ಲ. ಒಳ್ಳೆಯ ಕೊಡೆಯನ್ನು ಮನೆಯಲ್ಲಿಟ್ಟುಕೊಂಡು ನೆನೆದು ಬರುವ ನನ್ನನ್ನು ನೆರೆಯವರು ಅರೆಹುಚ್ಚ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಆಗ ನಾನು ನಮ್ಮೂರ ಪುರಭವನದ ಮೇಲ್ವಿಚಾರಕನಾಗಿದ್ದೆ. ಆ ವರ್ಷ ಅಲ್ಲಿಗೆ ಜಪಾನಿನ ಜನಪದ ಭೂತಗಳ ಡಿಜಿಟಲ್ ಪ್ರದರ್ಶನವೊಂದು ಬಂತು. ಪಟ ತೂಗುಹಾಕಿ ತೋರಿಸುವ ಪ್ರದರ್ಶನವಲ್ಲ ಅದು. ಗೋಡೆ, ನೆಲ, ಸೂರು ಎಲ್ಲದರ ಮೇಲೂ ಬೆಳಕಿನ ಚಿತ್ರಗಳು ಓಡಾಡುತ್ತಿದ್ದವು. ನೋಡುವವರು ಅವುಗಳ ನಡುವೆಯೇ ನಡೆಯಬೇಕು. ತಲೆಯ ಬೋಗುಣಿಯಲ್ಲಿ ನೀರು ಹೊತ್ತ ಕಪ್ಪಾ ಎಂಬ ಜಲಭೂತಕ್ಕೆ ಮಕ್ಕಳು ಬಗ್ಗಿ ನಮಸ್ಕರಿಸಿದರೆ, ಪಾಪ, ಅದೂ ಮರ್ಯಾದೆಗೆಂದು ಬಗ್ಗಿ ಇದ್ದ ನೀರನ್ನೆಲ್ಲ ಚೆಲ್ಲಿಕೊಳ್ಳುತ್ತಿತ್ತು. ಕೊನೆಯ ಕೋಣೆ ಹಳೆಯ ಸಾಮಾನುಗಳದು. ಬಹುಕಾಲ ಮನುಷ್ಯರ ಕೈಯಲ್ಲಿ ಸವೆದ ವಸ್ತುವಿಗೆ ಜೀವ ಬರುತ್ತದಂತೆ. ಅಸಡ್ಡೆಯಿಂದ ಎಸೆದರೆ ಅದು ಮುನಿಯುತ್ತದಂತೆ. ಚಿತ್ರ ತೆಗೆದು ಅಲ್ಲಿ ಕುಣಿಸುವುದಕ್ಕೆ ನಮ್ಮೂರಿನವರದೇ ಸಾಮಾನು ಬೇಕೆಂದು ಪ್ರದರ್ಶನದ ಕಲಾವಿದೆ ವೈಜಯಂತಿ ಮೊದಲೇ ಹೇಳಿದ್ದಳು. ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಭವನದ ಗೇಟಿನ ಎದುರು, ರಸ್ತೆಯ ಆಚೆ ಬದಿಯಲ್ಲಿ, ಕೊಡೆ ರಿಪೇರಿ ಮಾಡುವ ದಾದಾಪೀರ್ ಕೂರುತ್ತಿದ್ದರು. ಕೇಳಿದ್ದಕ್ಕೆ ಬಿದಿರು ಹಿಡಿಯ ತಮ್ಮದೇ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಜೋಪಾನ ಸಾರ್. ಕಡ್ಡಿ ಎಲ್ಲಾ ಎಷ್ಟೋ ಸಲ ಬದಲಾಗಿವೆ. ಬಟ್ಟೆ ಮಾತ್ರ ಹಳೇದು."

"ನನ್ನ ಜವಾಬ್ದಾರಿ," ಎಂದೆ.

ಕೊಡೆ ತಂದ ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ವೈಜಯಂತಿ ಬಂದಳು. ಕೊಡೆಯ ಒಳಮೈ ಮಡಿಕೆಯಿಂದಾಗಿ ಸರಿಯಾಗಿ ಚಿತ್ರಕ್ಕೆ ಸಿಗುತ್ತಿಲ್ಲ, ಬಟ್ಟೆಯನ್ನು ಕತ್ತರಿಸಿ ಹಾಸಿದರೆ ಸಿಗುತ್ತದೆ ಎಂದಳು. "ಅವರನ್ನ ಒಂದು ಮಾತು ಕೇಳ್ಕೊಂಡು ಬರ್ತೀರಾ?"

ನನ್ನ ಮೇಜಿನಿಂದ ದಾದಾಪೀರರ ಬಳಿಗೆ ನಲವತ್ತು ಹೆಜ್ಜೆ. ಹೊರಗೆ ಬಿಸಿಲು ಸುಡುತ್ತಿತ್ತು, ಅನ್ನ ಕಲಸಿಯಾಗಿತ್ತು. "ಆಗ್ಲೇ ಕೇಳಿದೀನಿ, ಕತ್ತರಿಸಿ," ಎಂದೆ. ಹಳೆಯ ಕೊಡೆ ತಾನೆ, ಹೊಸದೊಂದು ಕೊಡಿಸಿದರೆ ಮುದುಕ ಖುಷಿಪಡುತ್ತಾನೆ ಎಂದುಕೊಂಡೆ. ಸಂಜೆ ಕಸ ಗುಡಿಸುವವಳು ಬೋಳು ಕಡ್ಡಿಗಳನ್ನೂ ಕಪ್ಪು ಚೂರುಗಳನ್ನೂ ಬುಟ್ಟಿಯಲ್ಲಿ ಒಯ್ದಳು. ನೋಡಿಯೂ ತಡೆಯಲಿಲ್ಲ.

ಪ್ರದರ್ಶನದ ಮೊದಲ ದಿನ ದಾದಾಪೀರರು ಒಗೆದ ಅಂಗಿ ತೊಟ್ಟು ಬಂದರು. ಗೋಡೆಯ ಮೇಲೆ ಅವರ ಕೊಡೆಗೆ ಒಂದೇ ಕಣ್ಣು, ಒಂದೇ ಕಾಲು, ಉದ್ದ ನಾಲಿಗೆ. ಅದು ಕುಪ್ಪಳಿಸುತ್ತ ಬಂದು ಸೂರಿಗೆ ಹಾರಿ ಪೂರ್ತಿ ಬಿಚ್ಚಿಕೊಂಡಿತು. ಒಳಗೆ, ಬಿಳಿ ಬಣ್ಣದಲ್ಲಿ, ಆಳೆತ್ತರದ ಎರಡು ಅಕ್ಷರ: ದಾದು. ಕೊನೆಯ ಅಕ್ಷರದ ಕೊಂಬು ಬೆಕ್ಕಿನ ಬಾಲದ ಹಾಗೆ ಮೇಲಕ್ಕೆ ಸುತ್ತಿಕೊಂಡಿತ್ತು.

ದಾದಾಪೀರರು ಕತ್ತೆತ್ತಿ ನಿಂತೇಬಿಟ್ಟರು. "ನಮ್ಮಪ್ಪ ಬರೆದಿದ್ದು," ಎಂದರು. "ಅವರು ಶಾಲೆಗೆ ಹೋದೋರಲ್ಲ. ಗಿರಾಕಿಗಳ ಹೆಸರು ಛತ್ರಿ ಒಳಗೆ ಬರೀಬೇಕಲ್ಲ, ಅದಕ್ಕೇಂತ ಅಕ್ಷರ ಕಲಿತ್ರು. ಮೊದಲು ಬರೆದಿದ್ದು ನನ್ನ ಹೆಸರು. ಅವರ ಕೈಬರಹ ಅಂತ ನನ್ಹತ್ರ ಇರೋದು ಇದೊಂದೇ." ಆಮೇಲೆ ನನ್ನತ್ತ ತಿರುಗಿದರು. "ಮುಗಿದ ಮೇಲೆ ಕೊಡ್ತೀರಲ್ಲ ಸಾರ್?"

"ಕೊಡದೆ ಏನು," ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಎರಡು ತಿಂಗಳು ಅವರು ದಿನಾ ಬಂದರು. ಕೊಡೆ ಸೂರಿನಲ್ಲಿ ಬಿಚ್ಚಿಕೊಳ್ಳುವವರೆಗೆ ನಿಂತು, ಅಕ್ಷರ ನೋಡಿ, ಕೆಲಸಕ್ಕೆ ಹೋಗುತ್ತಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು. ಊರಿನವರ ಕೊಡೆಗಳನ್ನೆಲ್ಲ ನೆಟ್ಟಗೆ ಮಾಡುವ ಮನುಷ್ಯ ತಲೆಗೆ ಗೋಣಿಚೀಲ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಯಾರಾದರೂ ಕೇಳಿದರೆ, "ನಂದು ಒಳಗಿದೆ, ಬರುತ್ತೆ," ಎನ್ನುತ್ತಿದ್ದರು. ಆ ಮಾತು ನನ್ನ ಕಿಟಕಿಗೆ ಕೇಳಿಸುತ್ತಿತ್ತು. ವೈಜಯಂತಿಯನ್ನು ಕೇಳಿದ್ದರೆ ಆ ಅಕ್ಷರದ ಚಿತ್ರವನ್ನಾದರೂ ತೆಗೆದುಕೊಡುತ್ತಿದ್ದಳು. ಕೇಳಿದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಕೇಳಲಿಲ್ಲ. ಪ್ರದರ್ಶನ ಮುಗಿದು ಯಂತ್ರಗಳೊಂದಿಗೆ ಅವಳೂ ಹೊರಟುಹೋದಳು. ಕತ್ತರಿಸಿದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಸುಡುತ್ತದೆ.

ಹಳೆಯ ಸಾಮಾನಿನ ಸಂತೆಯಲ್ಲಿ ಬಿದಿರಿನ ಹಿಡಿ ಇರುವ ಒಂದು ಕಪ್ಪು ಕೊಡೆ ಹುಡುಕಿದೆ. ಒಳಗೆ ಬಿಳಿ ಬಣ್ಣದಲ್ಲಿ 'ದಾದು' ಎಂದು ಬರೆದೆ, ಚಹಾದ ಡಿಕಾಕ್ಷನ್ ಬಳಿದು ಮಾಸಿಸಿದೆ. ಕಳ್ಳನಿಗೂ ಅಷ್ಟು ಶ್ರದ್ಧೆ ಇರಲಾರದು. ಕೊಂಬಿನ ಸುರುಳಿ ಮಾತ್ರ ಎಷ್ಟು ತಿದ್ದಿದರೂ ಬರಲಿಲ್ಲ.

ಅವರದೇ ಕೊಡೆ ಎನ್ನುವಂತೆ ಒಯ್ದು ಕೊಟ್ಟೆ. ದಾದಾಪೀರರು ಅದನ್ನು ಬಿಚ್ಚಿ, ಒಂದೊಂದೇ ಕಡ್ಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಒಳಗೆ ತುಂಬ ಹೊತ್ತು ನೋಡಿದರು. ಮಡಿಸಿ ಪಕ್ಕಕ್ಕಿಟ್ಟು, "ಎರಡು ಕಡ್ಡಿ ಸಡಿಲ ಇದಾವೆ. ಬಿಟ್ಟು ಹೋಗಿ, ನಾಳಿದ್ದು ಬನ್ನಿ," ಎಂದರು. ಅದು ಗಿರಾಕಿಗೆ ಹೇಳುವ ಮಾತು.

ನಾಳಿದ್ದು ಹೋದೆ. ಹೋಗದೆ ಇರುವುದಕ್ಕೂ ಧೈರ್ಯ ಬೇಕು. "ಬಿಚ್ಚಿ ನೋಡಿ," ಎಂದು ಕೈಗೆ ಕೊಟ್ಟರು. ನಾನು ಬರೆದಿದ್ದನ್ನು ಸೀಮೆಎಣ್ಣೆಯಿಂದ ಒರೆಸಿಹಾಕಿದ್ದರು. ಆ ಜಾಗದಲ್ಲಿ ನನ್ನ ಹೆಸರಿತ್ತು.

"ಹೆಸರು ಹಾಕಿದೀನಿ. ಅದಲುಬದಲಾಗಬಾರದು ನೋಡಿ."

"ಬಟ್ಟೆ ಕತ್ತರಿಸಿಬಿಟ್ರು," ಎಂದೆ. "ನಿಮ್ಮನ್ನ ಕೇಳಿದೀನಿ ಅಂತ ನಾನೇ ಸುಳ್ಳು ಹೇಳಿದ್ದು."

ಅವರು ಸೂಜಿಗೆ ದಾರ ಪೋಣಿಸಿ ಮುಗಿಸಿದರು. "ಕತ್ತರಿಸೋದು ಬೇಕಿರಲಿಲ್ಲ ಸಾರ್. ಕಡ್ಡಿ ತುದಿಗೆ ಎಂಟು ಕಡೆ ಹೊಲಿಗೆ ಇರುತ್ತೆ. ಬಿಚ್ಚಿದ್ರೆ ಬಟ್ಟೆ ಹಾಗೇ ಕೈಗೆ ಬರುತ್ತೆ. ಆಮೇಲೆ ನಾನೇ ಮತ್ತೆ ಹೊಲಿದುಕೊಳ್ತಿದ್ದೆ. ಒಂದು ಮಾತು ಕೇಳಿದ್ರೆ ಆಗ್ತಿತ್ತು. ನಾನು ಇಲ್ಲೇ ಕೂತಿದ್ನಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವರು ಕೂರುತ್ತಿದ್ದ ಜಾಗದಲ್ಲಿ ಈಗ ಯಾರೂ ಇಲ್ಲ. ಮಳೆ ಬಂದಾಗ ನಾನು ಆ ಕೊಡೆಯನ್ನು ಕೋಣೆಯೊಳಗೇ ಬಿಚ್ಚಿ, ಅದರಡಿ ನಿಂತು ಕತ್ತೆತ್ತಿ ನೋಡುತ್ತೇನೆ. ನನ್ನ ಹೆಸರಿನಲ್ಲೂ ಒಂದು ಕೊಂಬಿದೆ. ಅದು ಬೆಕ್ಕಿನ ಬಾಲದ ಹಾಗೆ ಮೇಲಕ್ಕೆ ಸುತ್ತಿಕೊಂಡಿದೆ. ಮಗ ಅಕ್ಷರ ಕಲಿತದ್ದು ಅಪ್ಪನಿಂದಲೇ ಇರಬೇಕು. ಆಮೇಲೆ ಕೊಡೆಯನ್ನು ಮಡಿಸಿ ಗೂಟಕ್ಕೆ ಹಾಕಿ, ತಲೆಗೆ ಟವೆಲು ಹಾಕಿಕೊಂಡು ಮಳೆಗೆ ಇಳಿಯುತ್ತೇನೆ.