ಸೀರೆ ಬದಲಿಸುವಷ್ಟು ಹೊತ್ತಿನ ದೇವಿ

ನಾನು ಕಿನ್ನಾಳದಲ್ಲಿ ಹುಟ್ಟಿದ ಮರದ ದೇವಿ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಬಣ್ಣ ಕೊಡುವ ಮೊದಲು ಚಿತ್ರಗಾರ ಹುಲಗಪ್ಪ ಕೇಳಿದ, "ಯಾವ ದೇವೀರಿ ಈಕಿ? ಕೈಯಾಗೇನು ಕೊಡ್ಲಿ?"

ನಾಟಕ ಕಂಪನಿಗೆ ನಾಟಕ ಬರೆಯುತ್ತಿದ್ದ ಶಂಕ್ರಪ್ಪ ಮಾಸ್ತರರು, "ಒಂದು ಉಣ್ಣೂ ತಾಟು ಕೊಡು. ನೆರಳವ್ವ ಅಂತ ಹೆಸರಿಟ್ಟೀನಿ. ನಾಯಕಿ ಸೀರಿ ಬದಲಿಸೂತನಕ ಜನ ಎದ್ದು ಹೋಗಬಾರದಲ್ಲ, ಅದಕ್ಕೊಂದು ದೇವಿ," ಎಂದರು.

ಇದೇ ನನ್ನ ಪುರಾಣ. ನಾಯಕಿ ಒಳಗಿದ್ದಾಗ ರಂಗದ ಮೇಲೆ ವಿಧವೆಯ ಪಾತ್ರದವಳು ಒಬ್ಬಳೇ ತಾಟಿನ ಮುಂದೆ ಕೂತಿರುತ್ತಿದ್ದಳು. ನನ್ನನ್ನು ಅವಳ ಪಕ್ಕಕ್ಕೆ ತರುತ್ತಿದ್ದರು. ಪರದೆಯ ಹಿಂದಿನಿಂದ ದನಿ ಬರುತ್ತಿತ್ತು: "ಒಬ್ಬಾಕೀನ ಉಣಬ್ಯಾಡ ಮಗಳ, ನಾ ಬಂದೀನಿ." ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾಸ್ತರರು ಸೀರೆಯಾಯಿತೇ ಎಂದು ಒಳಗೆ ಇಣುಕುತ್ತಿದ್ದರು.

ಕಂಪನಿ ಮುಚ್ಚಿದಾಗ ಪೆಟ್ಟಿಗೆಯಲ್ಲಿ ನನಗೆ ಜಾಗವಿರಲಿಲ್ಲ. ನಟರಿಗೆ ಊಟ ಹಾಕುತ್ತಿದ್ದ ಕಲ್ಲವ್ವನ ಖಾನಾವಳಿಯ ಗೂಡಿನಲ್ಲಿ ಉಳಿದುಕೊಂಡೆ. ಹೊಗೆ ಕುಡಿದು ಕಪ್ಪಾದೆ, ಬೆಚ್ಚಗಿದ್ದೆ.

ಒಂದು ಬೇಸಿಗೆ ಕಲ್ಲವ್ವನ ಮಗ ಲಾರಿ ಅಪಘಾತದಲ್ಲಿ ಹೋದ. ವಿಧವೆ ಒಬ್ಬಳೇ ಉಣ್ಣಬೇಕೆಂಬ ಓಣಿಯ ಪದ್ಧತಿಯಂತೆ ಸೊಸೆ ರುದ್ರವ್ವನ ತಾಟು ಒಳಕೋಣೆಗೆ ಸರಿಯಿತು. ಅವಳು ಅಳಲಿಲ್ಲ, ಉಣ್ಣಲೂ ಇಲ್ಲ. ರೊಟ್ಟಿ ಒಣಗಿ ಸೆಟೆದುಕೊಳ್ಳುತ್ತಿತ್ತು. ಕಲ್ಲವ್ವ ಒಂದು ದಿನ ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ನನ್ನನ್ನು ಕಂಕುಳಲ್ಲಿಟ್ಟುಕೊಂಡು, ತನ್ನ ತಾಟನ್ನೂ ತೆಗೆದುಕೊಂಡು ಒಳಕೋಣೆಗೆ ನಡೆದಳು.

"ತುಸು ಸರಿಯವ್ವಾ. ನಾವಿಬ್ಬರೂ ಬಂದೀವಿ."

ರುದ್ರವ್ವ ಅಂದು ಅರ್ಧ ರೊಟ್ಟಿ ತಿಂದಳು.

ಸುದ್ದಿ ಹಿತ್ತಲುಗಳನ್ನು ದಾಟಿತು. ಯಾರ ಮನೆಯಲ್ಲಿ ಸಾವಾದರೂ ಹೆಂಗಸರು ನನಗೆ ಅರಿಷಿಣ ಹಚ್ಚಿ, ನನ್ನನ್ನು ಎತ್ತಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಡತೊಡಗಿದರು. ಓಣಿಯ ಹಿರಿಯ ಗುರುಬಸಯ್ಯನವರಿಗೆ ಇದು ಹಿಡಿಸಲಿಲ್ಲ. ಸೂತಕದ ಮನೆಗೆ ನಾಟಕದ ಗೊಂಬೆ ಹೊತ್ತು ಹೋಗುವುದು ನಿಲ್ಲಬೇಕು, ನನ್ನನ್ನು ಹೊಳೆಗೆ ಬಿಡಬೇಕು ಎಂದರು. ಓಣಿಯ ಜನರನ್ನು ಕೂಡಿಸಿ, ಸಾಕ್ಷಿಗೆ ಮುದುಕರಾಗಿದ್ದ ಮಾಸ್ತರರನ್ನೇ ಕರೆಸಿದರು.

ಮಾಸ್ತರರು ಸುಳ್ಳಾಡಲಿಲ್ಲ. "ಈಕೀನ್ನ ನಾನ ಹುಟ್ಟಿಸಿದ್ದು. ಸೀರಿ ಸಲುವಾಗಿ."

"ಕೇಳಿದ್ರ್ಯಾ?" ಎಂದರು ಅಯ್ಯನವರು.

ರುದ್ರವ್ವ ಎದ್ದು ನಿಂತಳು. "ನಾವೂ ನಾಟಕ ನೋಡೀವ್ರೀ ಅಜ್ಜಾರ. ಗೊತ್ತೈತಿ. ಆದ್ರ ನಮ್ಮತ್ತಿ ನನ್ನ ಬಾಜೂಕ ಕುಂತಿದ್ದು ನಾಟಕ ಅಲ್ಲ."

"ಹಂಗಾರ ನೀವಷ್ಟ ಹೋಗಿ ಬಾಜೂಕ ಕೂಡ್ರಿ," ಎಂದರು ಅಯ್ಯನವರು. " ಗೊಂಬಿ ಯಾಕ ಬೇಕು?"

"ಸತ್ತವರ ಮನಿ ಬಾಗಲಾ ಬಡಿಯಾಕ ಕೈ ಏಳೂದಿಲ್ರೀ. ಈಕಿ ಕಂಕುಳಾಗಿದ್ರ ಏಳತೈತಿ."

ಅಯ್ಯನವರು ಒಪ್ಪಲಿಲ್ಲ, ಆದರೆ ನನ್ನನ್ನು ಹೊಳೆಗೆ ಒಯ್ಯಲು ಯಾರೂ ಏಳಲೂ ಇಲ್ಲ. ಮಾಸ್ತರರು ಹೋಗುವಾಗ ಚಪ್ಪಲಿ ಬಿಟ್ಟು, ತಾವೇ ಹೆಸರಿಟ್ಟ ನನಗೆ ಕೈಮುಗಿದರು.

ಈಗ ನನ್ನ ಬಣ್ಣ ಉದುರಿದೆ, ತಾಟಿನ ಅಂಚನ್ನು ಗೆದ್ದಲು ತಿಂದಿದೆ. ನಾನು ದೇವಿಯೋ ಅಲ್ಲವೋ, ನನಗೆ ತಿಳಿಯದು. ಎಷ್ಟೋ ಮನೆಯ ಮೊದಲ ತುತ್ತು ನೋಡಿದ ಋಣ ಮಾತ್ರ ನನ್ನ ಮೇಲಿದೆ.

ಮೊನ್ನೆ ಗುರುಬಸಯ್ಯನವರು ತೀರಿಕೊಂಡರು. ರುದ್ರವ್ವ ನನ್ನನ್ನು ಎತ್ತಿಕೊಂಡು ಹೋಗಿ ಬಾಗಿಲು ಬಡಿದಳು. ಒಳಗೆ ಒಬ್ಬರೇ ತಾಟಿನ ಮುಂದೆ ಕೂತಿದ್ದ ಅವರ ಹೆಂಡತಿ ನನ್ನನ್ನು ನೋಡಿದರು.

"ಇದು ನಾಟಕದ್ದಲ್ಲೇನು?"

"ಹೌದ್ರಿ ಅಮ್ಮಾರ."

ಅವರು ತಮ್ಮ ತಾಟನ್ನು ತುಸು ಆಚೆ ಸರಿಸಿ ಜಾಗ ಮಾಡಿದರು.